ಪಿಂಗಾಣಿಯ ಭೋಜನಪಾತ್ರೆಗಳ ಕರ್ತೃತ್ವವಿಚಾರ

ಘಟವೆಂಬ ಕಾರ್ಯಕ್ಕೆ ಕಾರಣಗಳನ್ನು ವಿಂಗಡಿಸುವಾಗ ತಾರ್ಕಿಕರು ಕಪಾಲಗಳನ್ನು ಸಮವಾಯಿಕಾರಣವೆಂದೂ, ಅವುಗಳ ಸಂಯೋಗವನ್ನು ಅಸಮವಾಯಿಕಾರಣವೆಂದೂ, ಕುಲಾಲ, ದಂಡ, ಚಕ್ರ ಮೊದಲಾದವುಗಳನ್ನು ನಿಮಿತ್ತಕಾರಣಗಳೆಂದೂ ಹೇಳುವರು. ಈ ದೃಷ್ಟಾಂತದಲ್ಲಿ ಕುಲಾಲನು ಒಬ್ಬನೇ. ಪಾತ್ರೆಯು ಹೇಗಿರಬೇಕೆಂದು ಸಂಕಲ್ಪಿಸುವವನೂ ಅವನೇ, ಅದನ್ನು ಮಾಡುವವನೂ ಅವನೇ. ಆದರೆ ಸಂಕಲ್ಪಿಸುವವನು ಒಂದು ದೇಶದಲ್ಲಿಯೂ ಮಾಡುವವನು ಸಮುದ್ರದಾಚೆಯ ಮತ್ತೊಂದು ದೇಶದಲ್ಲಿಯೂ ಇದ್ದು, ಒಬ್ಬರ ಭಾಷೆಯಾಗಲಿ ಊಟದ ಕ್ರಮವಾಗಲಿ ಇನ್ನೊಬ್ಬರಿಗೆ ತಿಳಿಯದಿದ್ದ ಪಕ್ಷದಲ್ಲಿ ಆ ಪಾತ್ರೆಯ ಕರ್ತೃ ಯಾರು? ಇದು ತರ್ಕಶಾಲೆಯ ಕಲ್ಪಿತ ಪ್ರಶ್ನೆಯಲ್ಲ. ಹದಿನೇಳನೆಯ ಶತಮಾನದಿಂದೀಚೆಗೆ ಚೀನ, ಜಪಾನ್, ಯೂರೋಪುಗಳ ಭೋಜನಪಾತ್ರೆಗಳಲ್ಲಿ ಹಲವು ಹೀಗೆಯೇ ಹುಟ್ಟಿದವು. ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆಯನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಈ ಪ್ರಶ್ನೆಯ ಸ್ವರೂಪವು ಅಪರಿಚಿತವಲ್ಲ.

ಈ ವಿಷಯದಲ್ಲಿ ಎರಡು ಪೂರ್ವಪಕ್ಷಗಳಿವೆ. ರೂಪವನ್ನು ಕಲ್ಪಿಸಿ ಮಾದರಿಯನ್ನು ಕಳುಹಿಸಿದವನೇ ಕರ್ತೃ, ಕುಂಬಾರನು ಅವನ ಕೈಯ ದಂಡಚಕ್ರಗಳಿಗೆ ಸಮಾನನು ಎಂಬುದು ಒಂದು. ಮಣ್ಣನ್ನೂ ಬೆಂಕಿಯನ್ನೂ ಬಲ್ಲವನೇ ಕರ್ತೃ, ಮಾದರಿಯನ್ನು ಕಳುಹಿಸಿದವನು ಕೊಳ್ಳುಗನು ಮಾತ್ರ ಎಂಬುದು ಇನ್ನೊಂದು. ಇವುಗಳಲ್ಲಿ ಯಾವುದು ನಿಲ್ಲುವುದೆಂಬುದನ್ನು ಇತಿಹಾಸದಿಂದಲೇ ಪರೀಕ್ಷಿಸಬೇಕು.

1. ಜಪಾನಿನ ಚಹಾಗೋಷ್ಠಿ ಮತ್ತು ಜಿಂಗ್‌ದೆಝೆನ್

ಚೀನ ದೇಶದ ಜಿಯಾಂಗ್‌ಷಿ ಪ್ರಾಂತದಲ್ಲಿರುವ ಜಿಂಗ್‌ದೆಝೆನ್ ನಗರವು ಪಿಂಗಾಣಿಗೆ ಲೋಕಪ್ರಸಿದ್ಧವಾದುದು. ಅಲ್ಲಿಗೆ ಸಮೀಪದ ಗಾವ್‌ಲಿಂಗ್ ಬೆಟ್ಟದ ಹೆಸರಿನಿಂದಲೇ ಬಿಳಿಯ ಜೇಡಿಗೆ ಕಾಓಲಿನ್ ಎಂಬ ಹೆಸರು ಬಂದಿತು. ಈ ಜೇಡಿಯನ್ನೂ ಒಂದು ಬಗೆಯ ಬಿಳಿಗಲ್ಲಿನ ಪುಡಿಯನ್ನೂ ಕೂಡಿಸಿ, ಸುಮಾರು 1300 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಟ್ಟರೆ ಪಿಂಗಾಣಿಯಾಗುತ್ತದೆ. ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯು 1620ರಲ್ಲಿ ಮರಣಹೊಂದಿದ ಮೇಲೆ ಅರಮನೆಯ ಬೇಡಿಕೆಯು ತಗ್ಗಿತು. ಆವಿಗೆಗಳವರು ಹೊರಗಿನ ಗಿರಾಕಿಗಳನ್ನು ನೋಡಿಕೊಳ್ಳಬೇಕಾಯಿತು. ಆಗ ಒದಗಿದವರು ಜಪಾನಿನ ಚಹಾಗೋಷ್ಠಿಯ ರಸಿಕರು.

ಚಹಾಗೋಷ್ಠಿಯಲ್ಲಿ ಚಹಾಕ್ಕೆ ಮೊದಲು ಬಡಿಸುವ ಮಿತವಾದ ಊಟಕ್ಕೆ ಕೈಸೆಕಿ ಎಂದು ಹೆಸರು. ಪ್ರತಿಯೊಬ್ಬನ ಮುಂದಿನ ಮಣೆಯಲ್ಲಿ ಹತ್ತಿರದ ಅಂಚಿಗೆ ಅನ್ನದ ಬಟ್ಟಲು, ಸಾರಿನ ಬಟ್ಟಲು ಇವೆರಡೂ ಅರಗಿನ ಮೆರುಗುಳ್ಳ ಮರದವು. ಇವುಗಳಾಚೆ ಇಡುವ ಸಣ್ಣ ತಟ್ಟೆಗೆ 'ಮುಕೋಜುಕೆ', ಅಂದರೆ ಆಚೆಯ ಕಡೆ ಇಟ್ಟದ್ದು, ಎಂದು ಹೆಸರು. ಸಾಮಾನ್ಯವಾಗಿ ಹಸಿಮೀನಿನ ವ್ಯಂಜನವನ್ನು ಬಡಿಸುವುದು ಇದರಲ್ಲಿಯೇ. ಮಣೆಯ ಮೇಲೆ ಮಣ್ಣಿನ ಕೆಲಸಕ್ಕೆ ದೊರೆತ ಮುಖ್ಯ ಸ್ಥಾನವು ಇದಾದುದರಿಂದ ರಸಿಕರ ಕಲ್ಪನೆಯೆಲ್ಲವೂ ಇಲ್ಲಿಗೆ ಹರಿಯಿತು. ತಿಯಾನ್‌ಚಿ (1621-27) ಮತ್ತು ಚೊಂಗ್‌ಝೆನ್ (1628-44) ಚಕ್ರವರ್ತಿಗಳ ಕಾಲದಲ್ಲಿ ಜಿಂಗ್‌ದೆಝೆನ್‌ನಿಂದ ಜಪಾನಿಗೆ ಹೋದ ನೀಲಿಬರಹದ ಪಾತ್ರೆಗಳನ್ನು ಜಪಾನಿನವರು 'ಕೋ-ಸೊಮೆತ್ಸುಕೆ', ಅಂದರೆ ಹಳೆಯ ನೀಲಿಬರಹ, ಎಂದು ಕರೆಯುವರು. ಅವುಗಳಲ್ಲಿ ಮೀನಿನ ಆಕಾರದ, ಪೀಚ್ ಹಣ್ಣಿನ ಆಕಾರದ, ಎಲೆಯ ಆಕಾರದ ತಟ್ಟೆಗಳು ಐದೈದರ ಜೋಡಣೆಗಳಾಗಿ ದೊರೆಯುತ್ತವೆ.

ಈ ರೂಪಗಳು ಜಪಾನಿನಲ್ಲಿ ಕಲ್ಪಿತವಾದವೆಂಬುದಕ್ಕೆ ಪ್ರಮಾಣವೇನು? ಮೊದಲನೆಯದಾಗಿ, ಇವುಗಳಲ್ಲಿ ಕೆಲವು ತಟ್ಟೆಗಳು ಫ್ಯೂಜಿ ಪರ್ವತದ ಆಕಾರದವು. ಚೀನದ ಕುಂಬಾರನು ಆ ಪರ್ವತವನ್ನು ತಾನಾಗಿ ನೆನೆದುಕೊಂಡನೆಂಬುದು ಅಸಂಭವ. ಎರಡನೆಯದಾಗಿ, ಜಪಾನಿನ ಮಿನೊ ಪ್ರದೇಶದಲ್ಲಿ ಒರಿಬೆ ಎಂಬ ಹೆಸರಿನಿಂದ ತಯಾರಾಗುತ್ತಿದ್ದ ಪಾತ್ರೆಗಳ ಆಕಾರಗಳು ಇವುಗಳಲ್ಲಿ ಮರಳಿ ಕಾಣುತ್ತವೆ. ಮೂರನೆಯದಾಗಿ, ಜಿಂಗ್‌ದೆಝೆನ್ ಯಾವ ತೆಳುಮೈಗೆ ಹೆಮ್ಮೆಪಡುತ್ತಿದ್ದಿತೋ ಅದನ್ನು ಬಿಟ್ಟು ಇವು ದಪ್ಪಮೈಯವಾಗಿವೆ. ಅದು ಚಹಾರಸಿಕರ ಅಭಿರುಚಿಗೆ ಒಪ್ಪುವ ಗುಣ.

ಆದರೂ ಇಷ್ಟರಿಂದ ಕುಂಬಾರನ ಕರ್ತೃತ್ವವು ಲೋಪವಾಗಲಿಲ್ಲ. ಈ ಪಾತ್ರೆಗಳ ಅಂಚಿನಲ್ಲಿ ಗಾಜುಲೇಪವು ಅಲ್ಲಲ್ಲಿ ಚಕ್ಕೆಯೆದ್ದು ಒಳಗಿನ ಮಣ್ಣು ತೋರುತ್ತದೆ. ಮೈಯೂ ಲೇಪವೂ ಆರುವಾಗ ಸಮವಾಗಿ ಕುಗ್ಗದಿರುವುದೇ ಇದಕ್ಕೆ ಕಾರಣ. ಚೀನದ ಪರೀಕ್ಷಕನಿಗೆ ಇದು ದೋಷ. ಜಪಾನಿನ ರಸಿಕನಾದರೋ ಇದನ್ನು 'ಮುಷಿಕುಯಿ', ಅಂದರೆ ಹುಳು ತಿಂದದ್ದು, ಎಂದು ಕರೆದು, ಹುಳು ತಿಂದ ಎಲೆಯಲ್ಲಿ ಕಾಣುವ ಸೊಗಸನ್ನೇ ಇದರಲ್ಲಿಯೂ ಕಂಡು ಆದರಿಸಿದನು. ಈ ಅಂಚನ್ನು ಯಾವ ಮಾದರಿಯೂ ವಿಧಿಸಿರಲಾರದು. ಅದು ಆವಿಗೆಯಿಂದ ಬಂದಿತು. ಅದನ್ನು ಗುಣವಾಗಿ ಸ್ವೀಕರಿಸಿದ ಕಣ್ಣು ಮಾತ್ರ ಮತ್ತೊಂದು ದೇಶದ್ದು.

2. ಮರದ ಮಾದರಿಗಳು

ಇದೇ ಕಾಲದಲ್ಲಿ ಡಚ್ಚರ ಪೂರ್ವ ಇಂಡಿಯಾ ಕಂಪೆನಿಯವರು (ಸ್ಥಾಪನೆ 1602) ಚೀನದ ಪಿಂಗಾಣಿಯನ್ನು ಯೂರೋಪಿಗೆ ಸಾಗಿಸುತ್ತಿದ್ದರು. ಯೂರೋಪಿಯನರ ಊಟದ ಮೇಜಿಗೆ ಬೇಕಾದುದು ಅಗಲವಾದ ಅಂಚುಳ್ಳ ಚಪ್ಪಟೆ ತಟ್ಟೆ, ಉಪ್ಪಿನ ಬಟ್ಟಲು, ಸಾಸಿವೆಯ ಪಾತ್ರೆ, ಹಿಡಿಯುಳ್ಳ ಪಾನಪಾತ್ರೆ. ಬಟ್ಟಲನ್ನು ಕೈಯಲ್ಲಿ ಹಿಡಿದು ಕಡ್ಡಿಗಳಿಂದ ಉಣ್ಣುವ ಚೀನೀಯರಿಗೆ ಇವುಗಳ ಬಳಕೆಯಿರಲಿಲ್ಲ. ಆದಕಾರಣ 1635ರಲ್ಲಿ ಫಾರ್ಮೋಸಾ ದ್ವೀಪದಲ್ಲಿದ್ದ ಡಚ್ಚರು ಇಂಥ ಪಾತ್ರೆಗಳನ್ನು ಮರದಲ್ಲಿ ಕಡೆಯಿಸಿ ಆ ಮಾದರಿಗಳನ್ನು ಚೀನದ ವರ್ತಕರ ಕೈಗೆ ಕೊಟ್ಟರು. ಮಾತಾಗಲಿ ಚಿತ್ರವಾಗಲಿ ತಿಳಿಸಲಾರದ ಉಬ್ಬುತಗ್ಗುಗಳನ್ನು ಮರವು ತಿಳಿಸಬಲ್ಲದು. ಸಾಸಿವೆಯ ಪಾತ್ರೆಯ ಬಳಕೆಯನ್ನೇ ಅರಿಯದ ಕುಂಬಾರನೂ ಅದನ್ನು ಮಾಡುವಂತಾದುದು ಹೀಗೆ.

ಮಾದರಿಯಿದ್ದ ಮಾತ್ರಕ್ಕೆ ಪಾತ್ರೆಯಾಗುವುದೆಂದು ಭಾವಿಸಬಾರದು. ಪಿಂಗಾಣಿಯ ಮಣ್ಣು ಒಣಗಿ ಸುಡುವಷ್ಟರಲ್ಲಿ ಹತ್ತರಲ್ಲೊಂದು ಪಾಲಿಗಿಂತಲೂ ಹೆಚ್ಚಾಗಿ ಕುಗ್ಗುತ್ತದೆ. ಮರದ ತಟ್ಟೆಯ ಅಳತೆಯೇ ಕೈಸೇರಬೇಕಾದರೆ ಕುಂಬಾರನು ಅದಕ್ಕಿಂತ ದೊಡ್ಡದನ್ನು ಮಾಡಬೇಕು. ಎಷ್ಟು ದೊಡ್ಡದೆಂಬುದು ಅವನ ಅನುಭವಕ್ಕೆ ಮಾತ್ರ ಗೊತ್ತು. ಅಗಲವೂ ಚಪ್ಪಟೆಯೂ ಆದ ತಟ್ಟೆಯು ಉರಿಯಲ್ಲಿ ಮೆತ್ತಗಾಗಿ ನಡುವೆ ಕುಸಿಯುತ್ತದೆ. ಹಿಡಿಯನ್ನು ಹದತಪ್ಪಿ ಅಂಟಿಸಿದರೆ ಬಿರಿಯುತ್ತದೆ. ಈ ಸಂಗತಿಗಳಲ್ಲಿ ಒಂದಾದರೂ ಮರದ ಮಾದರಿಯಲ್ಲಿ ಕಾಣುವಂಥದಲ್ಲ.

1644ರಲ್ಲಿ ಮಿಂಗ್ ವಂಶವು ಅಳಿದು ಚೀನದಲ್ಲಿ ಕ್ಷೋಭೆಯುಂಟಾದ ಮೇಲೆ ಡಚ್ಚರು ಜಪಾನಿನ ಅರಿತ ಎಂಬ ಊರಿನ ಕುಂಬಾರರ ಕಡೆಗೆ ತಿರುಗಿ, 1659ರಿಂದ ದೊಡ್ಡ ಪ್ರಮಾಣದಲ್ಲಿ ಕೆಲಸವನ್ನು ಒಪ್ಪಿಸಿದರು. 1734ರಲ್ಲಿ ಕಂಪೆನಿಯು ಕೊರ್ನೆಲಿಸ್ ಪ್ರಾಂಕ್ ಎಂಬ ಚಿತ್ರಕಾರನನ್ನು ಪಿಂಗಾಣಿಗೆ ಚಿತ್ರಗಳನ್ನು ರಚಿಸಿಕೊಡಲು ನೇಮಿಸಿತು. ಅವನ ಚಿತ್ರಗಳು ಬತಾವಿಯದ ಮಾರ್ಗವಾಗಿ ಚೀನಕ್ಕೂ ಜಪಾನಿಗೂ ಹೋದವು. ಅವುಗಳಂತೆ ಮಾಡಿಸುವುದಕ್ಕೆ ತಗಲುವ ವೆಚ್ಚವು ಮಿತಿಮೀರಿದುದರಿಂದ ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಡಬೇಕಾಯಿತು. ಆದರೂ ಇಂದು ಸಂಗ್ರಹಾಲಯಗಳಲ್ಲಿ ಆ ತಟ್ಟೆಗಳು ಪ್ರಾಂಕನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಅವನು ಚೀನವನ್ನು ಕಂಡವನಲ್ಲ. ಅವನ್ನು ಮಾಡಿದ ಕೈಗಳ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

3. ಆವಿಗೆಯ ದೇವತೆ

ಜಿಂಗ್‌ದೆಝೆನ್‌ನಲ್ಲಿ ಕ್ರೈಸ್ತಮತಪ್ರಚಾರಕನಾಗಿದ್ದ ಫ್ರಾನ್ಸ್ ದೇಶದ ದಾಂತ್ರೆಕೋಲ್ ಎಂಬ ಜೆಸುಯಿಟ್ ಪಾದ್ರಿಯು 1712 ಮತ್ತು 1722ರಲ್ಲಿ ಬರೆದ ಎರಡು ಪತ್ರಗಳು ಈ ವಿಚಾರಕ್ಕೆ ಬಹು ಮುಖ್ಯವಾದ ಆಧಾರಗಳು. ಒಂದು ಪಾತ್ರೆಯು ಸಿದ್ಧವಾಗುವಷ್ಟರಲ್ಲಿ ಎಪ್ಪತ್ತು ಮಂದಿಯ ಕೈದಾಟುವುದೆಂದು ಆತನು ಬರೆದಿರುವನು. ಒಬ್ಬನು ಗೆರೆಯನ್ನು ಎಳೆದರೆ ಇನ್ನೊಬ್ಬನು ಬಣ್ಣ ತುಂಬುವನು. ಹೀಗಿರಲು ಅಲ್ಲಿ ಏಕಕರ್ತೃವನ್ನು ಹುಡುಕುವುದೇ ವ್ಯರ್ಥವೆನಿಸಬಹುದು.

ಅದಕ್ಕಿಂತಲೂ ಗಮನಾರ್ಹವಾದುದು ಆತನು ಹೇಳುವ ಮತ್ತೊಂದು ಸಂಗತಿ. ಚಕ್ರವರ್ತಿಗೆ ಕಾಣಿಕೆ ಕೊಡುವುದಕ್ಕಾಗಿ ಯೂರೋಪಿನಿಂದ ಹೊಸ ಮಾದರಿಗಳನ್ನು ತರಿಸಿಕೊಡಬೇಕೆಂದು ಅಧಿಕಾರಿಗಳು ಆತನನ್ನು ಕೇಳುತ್ತಿದ್ದರು. ಅಲ್ಲಿಯ ಕ್ರೈಸ್ತರಾದರೋ ಹಾಗೆ ಮಾಡಬಾರದೆಂದು ಬೇಡಿಕೊಳ್ಳುತ್ತಿದ್ದರು. ಮಾದರಿಯಂತೆ ಮಾಡುವುದು ಅಸಾಧ್ಯವೆಂದು ಕೆಲಸಗಾರರು ಹೇಳಿದರೆ ವರ್ತಕರು ಒಪ್ಪಿಕೊಳ್ಳುವರು, ಅಧಿಕಾರಿಗಳು ಒಪ್ಪದೆ ಹೊಡೆಯಿಸುವರು ಎಂಬುದೇ ಅವರ ಭಯಕ್ಕೆ ಕಾರಣ. ಆವಿಗೆಯ ದೇವತೆಯ ಉತ್ಪತ್ತಿಯನ್ನೂ ಆತನು ಹೇಳಿರುವನು. ಪೂರ್ವದಲ್ಲಿ ಅರಮನೆಯಿಂದ ಬಂದ ಒಂದು ಮಾದರಿಯು ಎಷ್ಟು ಪ್ರಯತ್ನಿಸಿದರೂ ಕೈಗೂಡಲಿಲ್ಲ. ದಂಡನೆಯು ಹೆಚ್ಚಿತು. ಕೆಲಸಗಾರನೊಬ್ಬನು ನಿರಾಶೆಯಿಂದ ಉರಿಯುವ ಆವಿಗೆಗೆ ಹಾರಿದನು. ಆ ಸಲ ಪಾತ್ರೆಗಳು ಮನೋಹರವಾಗಿ ಬಂದವು. ಚೀನದ ಪರಂಪರೆಯಲ್ಲಿ ಈತನ ಹೆಸರು ತೊಂಗ್ ಬಿನ್. ಕಥೆಯು ವಾನ್‌ಲಿ ಚಕ್ರವರ್ತಿಯ ಕಾಲಕ್ಕೆ ಸೇರಿದುದು. ಹದಿನೆಂಟನೆಯ ಶತಮಾನದಲ್ಲಿ ಅರಮನೆಯ ಆವಿಗೆಗಳ ಮೇಲ್ವಿಚಾರಕನಾಗಿದ್ದ ತಾಂಗ್ ಯಿಂಗನು ಈತನ ಚರಿತ್ರೆಯನ್ನು ಬರೆದನು.

ಕಥೆಯಲ್ಲಿ ಅತಿಶಯೋಕ್ತಿಯಿರಬಹುದು. ಆದರೆ ಒಂದು ಊರಿನ ಕುಂಬಾರರೆಲ್ಲರೂ ಯಾರನ್ನು ದೇವತೆಯಾಗಿ ಪೂಜಿಸಿದರೆಂಬುದು ಇತಿಹಾಸವೇ. ಮಾದರಿಯನ್ನು ಕೊಟ್ಟವನನ್ನು ಅವರು ಪೂಜಿಸಲಿಲ್ಲ. 'ಇದು ಆಗದು' ಎಂಬ ಮಾತನ್ನು ಯಾರೂ ಕೇಳದೆ ಹೋದುದರಿಂದ ಸತ್ತವನನ್ನು ಪೂಜಿಸಿದರು.

4. ಆಹಾರವೇ ಪಾತ್ರೆಯಾದುದು

ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಯೂರೋಪಿನ ಶ್ರೀಮಂತರ ಮೇಜಿನ ಮೇಲೆ ಒಂದು ವಿಚಿತ್ರವಾದ ಅಭಿರುಚಿಯು ಹಬ್ಬಿತು. ಸ್ಟ್ರಾಸ್‌ಬುರ್ಗಿನಲ್ಲಿ ಪೌಲ್ ಹಾನಾಂಗನ ಕಾರ್ಖಾನೆಯವರು ಕೋಸಿನ ಆಕಾರದ, ಕಾಡುಹಂದಿಯ ತಲೆಯ ಆಕಾರದ ಮುಚ್ಚಳಪಾತ್ರೆಗಳನ್ನು ಮಾಡಿದರು. ಲಂಡನಿನ ಚೆಲ್ಸಿ ಕಾರ್ಖಾನೆಯಲ್ಲಿ 1755ರ ಸುಮಾರಿಗೆ ಮೊಲದ, ಹೂಕೋಸಿನ ಆಕಾರದವು ತಯಾರಾದವು. ಜೋಸೈಯ ವೆಜ್‌ವುಡ್ಡನು 1759ರಲ್ಲಿ ಹಸುರು ಲೇಪವೊಂದನ್ನು ಸಾಧಿಸಿದ ಮೇಲೆ ಹೂಕೋಸಿನ ಹಾಗೂ ಅನಾನಸಿನ ಆಕಾರದ ಚಹಾಪಾತ್ರೆಗಳು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದವು. ಚಹಾವು ಚೀನದ್ದು, ಅನಾನಸು ಅಮೆರಿಕದ್ದು, ಮಣ್ಣು ಮಾತ್ರ ಇಂಗ್ಲೆಂಡಿನದು.

ಯೂರೋಪಿನ ಈ ರೂಪಗಳು ಮುಂದೆ ಚೀನಕ್ಕೆ ಹೋದವು. ಕಾಡುಹಂದಿಯ ತಲೆ, ಎತ್ತಿನ ತಲೆ, ಹೆಬ್ಬಾತು ಮೊದಲಾದ ಆಕಾರದ ಪಾತ್ರೆಗಳನ್ನು ಅಲ್ಲಿಯ ಕುಂಬಾರರು ಯೂರೋಪಿನವರಿಗಾಗಿ ಮಾಡಿದರು. ಇವುಗಳ ಹೆಬ್ಬಾತುಗಳನ್ನು ನೋಡಿದರೆ ಗರಿಗರಿಯಾಗಿ ಬಿಡಿಸಿದ ಸೂಕ್ಷ್ಮತೆಯು ಅನುಕರಣಮಾತ್ರವಲ್ಲವೆಂದು ಸ್ಪಷ್ಟವಾಗುತ್ತದೆ. ಹೆಬ್ಬಾತನ್ನು ಚೀನದವನೂ ಬಲ್ಲನು. ತನಗೆ ಗೊತ್ತಿದ್ದುದನ್ನು ಮಾಡುವಾಗ ಅವನ ಕೈ ಸ್ವತಂತ್ರವಾಯಿತು.

ಇದಕ್ಕೆ ಪ್ರತಿಯಾಗಿ ಒಂದು ಉದಾಹರಣೆಯನ್ನು ನೋಡಬೇಕು. 1866ರಲ್ಲಿ ಪ್ಯಾರಿಸಿನ ವರ್ತಕ ಯೂಜೆನ್ ರೂಸೊ ಎಂಬಾತನು ಫೆಲಿಕ್ಸ್ ಬ್ರಾಕ್‌ಮೊಂ ಎಂಬ ಚಿತ್ರಕಾರನಿಂದ ಒಂದು ಭೋಜನಪಾತ್ರೆಯ ಸಮುಚ್ಚಯಕ್ಕೆ ಚಿತ್ರಗಳನ್ನು ಬರೆಯಿಸಿದನು. ಮೀನು, ಸಿಗಡಿ, ಕೋಳಿ, ಬಾತು, ಹೂಗಳಿರುವ ಆ ಚಿತ್ರಗಳಲ್ಲಿ ಬಹುಭಾಗವು ಜಪಾನಿನ ಹೊಕುಸಾಯಿ ಮೊದಲಾದವರ ಅಚ್ಚಿನ ಪುಸ್ತಕಗಳಿಂದ ತೆಗೆದವು. ತಾಮ್ರದ ತಗಡಿನಿಂದ ಕಾಗದಕ್ಕೆ ಅಚ್ಚುಹಾಕಿ, ಚಿತ್ರಗಳನ್ನು ಕತ್ತರಿಸಿ, ಪಾತ್ರೆಗೆ ಅಂಟಿಸಿ ಸುಟ್ಟರು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಇದು ಕೀರ್ತಿ ಪಡೆಯಿತು. ಹೊಕುಸಾಯಿಯು 1849ರಲ್ಲಿಯೇ ಮೃತನಾಗಿದ್ದನು. ಅವನನ್ನು ಕೇಳಿದವರೂ ಇಲ್ಲ, ಅವನು ಉತ್ತರಿಸುವಂತೆಯೂ ಇರಲಿಲ್ಲ. ಪಾತ್ರೆಗಳು ಸುಂದರವಾಗಿವೆ. ಆದರೆ ಇದನ್ನು ಸಹಕಾರವೆನ್ನಲು ಬರುವುದಿಲ್ಲ, ಸ್ವೀಕರಣವೆನ್ನಬೇಕು.

5. ಹಿಡಿಯ ಪಾಠ

ಇಪ್ಪತ್ತನೆಯ ಶತಮಾನದಲ್ಲಿ ಮಾದರಿಗೆ ಬದಲಾಗಿ ಮನುಷ್ಯನೇ ಪ್ರಯಾಣಮಾಡಿದನು. ಬರ್ನಾರ್ಡ್ ಲೀಚ್ (1887-1979) ಎಂಬ ಇಂಗ್ಲಿಷ್ ಕುಂಬಾರನು ಜಪಾನಿನಲ್ಲಿ ಕೆಲಸ ಕಲಿತು, 1920ರಲ್ಲಿ ಹಮಾದ ಶೋಜಿ (1894-1978) ಎಂಬ ಜಪಾನೀ ಮಿತ್ರನೊಡನೆ ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿದನು. ಒಲೆಯಲ್ಲಿಟ್ಟು ಬೇಯಿಸಿ ಹಾಗೆಯೇ ಮೇಜಿಗೆ ತರುವ, ತೆಳುಮಣ್ಣಿನ ಗೆರೆಗಳುಳ್ಳ ಹಳೆಯ ಇಂಗ್ಲಿಷ್ ತಟ್ಟೆಗಳನ್ನು ಇಂಗ್ಲೆಂಡಿನವರೇ ಮರೆಯುತ್ತಿದ್ದಾಗ ಅವುಗಳನ್ನು ಮೆಚ್ಚಿ ಅಭ್ಯಸಿಸಿದವರಲ್ಲಿ ಹಮಾದನೂ ಒಬ್ಬನು. 1954ರಲ್ಲಿ ಲೀಚನು ಕ್ಯೂಶೂ ದ್ವೀಪದ ಒಂಟ ಎಂಬ ಬೆಟ್ಟದ ಹಳ್ಳಿಯಲ್ಲಿ ಕೆಲವು ವಾರಗಳಿದ್ದು, ಹೂಜಿಗೆ ಹಿಡಿಯನ್ನು ಎಳೆದು ಕೂಡಿಸುವ ಇಂಗ್ಲಿಷ್ ಕ್ರಮವನ್ನು ಅಲ್ಲಿಯವರಿಗೆ ತೋರಿಸಿದನು. ಜೇಡಿಯ ಹದ ತಪ್ಪಿದರೆ ಅಲ್ಲಿಯೇ ಹೇಳಬಹುದಾಗಿದ್ದಿತು, ಅಲ್ಲಿಯೇ ತಿದ್ದಿಕೊಳ್ಳಬಹುದಾಗಿದ್ದಿತು. 1635ರ ಮರದ ಮಾದರಿಗೆ ಈ ಸಾಮರ್ಥ್ಯವಿರಲಿಲ್ಲ. ಒಂಟದ ಕುಂಬಾರರು ತಮ್ಮ ಪಾತ್ರೆಗಳಿಗೆ ಸ್ವಂತ ಹೆಸರನ್ನು ಹಾಕುವುದಿಲ್ಲ, ಊರಿನ ಹೆಸರು ಮಾತ್ರ ಅವರ ಗುರುತು.

6. ನಿರ್ಣಯ

ಮೇಲ್ಕಂಡ ಸಂಗತಿಗಳಿಂದ ಎರಡು ಪೂರ್ವಪಕ್ಷಗಳೂ ನಿಲ್ಲುವುದಿಲ್ಲವೆಂದು ತಿಳಿಯಬರುತ್ತದೆ. ಫ್ಯೂಜಿಯ ಆಕಾರವು ಚೀನದ ಕುಂಬಾರನಿಗೆ ಹೊಳೆಯಲಾರದು. ಆದುದರಿಂದ ಮಾದರಿಯವನು ಕೊಳ್ಳುಗನು ಮಾತ್ರವಲ್ಲ. ಮಣ್ಣು ಕುಗ್ಗುವ ಲೆಕ್ಕವು ಮಾದರಿಯವನಿಗೆ ತಿಳಿಯಲಾರದು. ಆದುದರಿಂದ ಕುಂಬಾರನು ದಂಡಚಕ್ರಗಳಿಗೆ ಸಮಾನನಲ್ಲ. ವೈಯಾಕರಣರು ಪ್ರೇರಣಾರ್ಥದಲ್ಲಿ ಪ್ರಯೋಜಕಕರ್ತೃ, ಪ್ರಯೋಜ್ಯಕರ್ತೃ ಎಂದು ಇಬ್ಬರನ್ನು ಒಪ್ಪುವರು. ದೇವದತ್ತನು ಯಜ್ಞದತ್ತನಿಂದ ಅಡುಗೆ ಮಾಡಿಸಿದರೂ ಅಡುಗೆಯ ಕ್ರಿಯೆಯಲ್ಲಿ ಯಜ್ಞದತ್ತನ ಸ್ವಾತಂತ್ರ್ಯವು ಹೋಗುವುದಿಲ್ಲ, ಅವನು ಕರ್ತೃವಾಗಿಯೇ ಉಳಿಯುವನು. ಈ ನ್ಯಾಯವನ್ನು ಇಲ್ಲಿಯೂ ಅನ್ವಯಿಸಬೇಕು.

ಆದರೆ ಇದು ಸಾರ್ಥಕವಾಗಬೇಕಾದರೆ ಒಂದು ನಿಯಮವಿದೆ. ಪ್ರಯೋಜ್ಯನು 'ಆಗದು' ಎಂದಾಗ ಪ್ರಯೋಜಕನು ಕೇಳತಕ್ಕವನಾಗಿರಬೇಕು. ಕೇಳಿದಲ್ಲಿ ಹುಳು ತಿಂದ ಅಂಚೂ ಗುಣವಾಯಿತು, ಹೂಜಿಗೆ ಹಿಡಿಯೂ ಕೂಡಿತು. ಕೇಳದಿದ್ದಲ್ಲಿ ತೊಂಗ್ ಬಿನ್ನನು ಆವಿಗೆಗೆ ಹಾರಿದನು. ಆದುದರಿಂದ ಇಂಥ ಪಾತ್ರೆಗಳ ವಿವರಣಪಟ್ಟಿಯನ್ನು ಸಿದ್ಧಪಡಿಸುವ ವಿದ್ವಾಂಸರು ಚಿತ್ರಕಾರನ ಹೆಸರಿನೊಡನೆ ಆವಿಗೆಯ ಊರನ್ನೂ, ತಿಳಿದಲ್ಲೆಲ್ಲ ಕುಂಬಾರನ ಹೆಸರನ್ನೂ, ಯಾವ ಆಹಾರಕ್ಕಾಗಿ ಆ ಪಾತ್ರೆಯು ಹುಟ್ಟಿತೆಂಬುದನ್ನೂ ತಪ್ಪದೆ ದಾಖಲಿಸುವುದು ಯುಕ್ತ.