ಹೈದರಾಬಾದ್ ವಿಮಾನ ನಿಲ್ದಾಣದ ರನ್‌ವೇಗಳು

ಹೈದರಾಬಾದಿನ ಮೊದಲ ನಾಗರಿಕ ವಿಮಾನ ನಿಲ್ದಾಣ ಬೇಗಂಪೇಟೆಯದು. ನಿಜಾಮರ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ ಅದು ರೂಪುಗೊಂಡಿತು. ಊರು ಬೆಳೆದು ನಿಲ್ದಾಣವನ್ನು ಸುತ್ತುವರಿದ ಮೇಲೆ ಅಲ್ಲಿ ಮತ್ತೊಂದು ರನ್‌ವೇಗೆ ಜಾಗವೇ ಉಳಿಯಲಿಲ್ಲ.

ಹಾಗಾಗಿ ಇಡೀ ನಿಲ್ದಾಣವೇ ಬೆಂಗಳೂರು ಹೆದ್ದಾರಿಯ ಬದಿಯ ಶಂಷಾಬಾದಿಗೆ ಸ್ಥಳಾಂತರವಾಯಿತು. ಸುಮಾರು 5,500 ಎಕರೆ ಜಮೀನು ಮೀಸಲಾಯಿತು. ಜಿಎಂಆರ್ ಸಮೂಹದ ನೇತೃತ್ವದ ಕಂಪನಿಯಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೂ ಪಾಲು ಸಿಕ್ಕಿತು. 2005ರ ಮಾರ್ಚಿನಲ್ಲಿ ಶಂಕುಸ್ಥಾಪನೆ ನಡೆದು, 2008ರ ಮಾರ್ಚ್ 23ರಂದು ವಾಣಿಜ್ಯ ಹಾರಾಟ ಶುರುವಾಯಿತು. ಬೀದರ್, ಕಲಬುರಗಿ, ರಾಯಚೂರಿನ ಪ್ರಯಾಣಿಕರಿಗೂ ಬಹುಕಾಲ ಇದೇ ಹತ್ತಿರದ ದೊಡ್ಡ ನಿಲ್ದಾಣವಾಗಿತ್ತು.

ಇಲ್ಲಿನ ಮುಖ್ಯ ರನ್‌ವೇ 4,260 ಮೀಟರ್ ಉದ್ದ, 60 ಮೀಟರ್ ಅಗಲ. ಎ380ಯಂಥ ದೈತ್ಯ ವಿಮಾನವೂ ಇಳಿಯಬಲ್ಲದು. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ಬೇಸಿಗೆಯ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲ ಕಡಿಮೆ ಸಿಗುವುದರಿಂದ ತುಂಬಿದ ವಿಮಾನ ಮೇಲೇರಲು ಹೆಚ್ಚು ದೂರ ಓಡಲೇಬೇಕು.

ಎರಡನೆಯ ರನ್‌ವೇ 2012ರಲ್ಲಿ ಬಳಕೆಗೆ ಬಂತು, 3,707 ಮೀಟರ್ ಉದ್ದದ್ದು. ಹೊಸ ನೆಲದಲ್ಲಿ ಹಾಸಿದ್ದಲ್ಲ, ಮುಖ್ಯ ರನ್‌ವೇಯ ಪಕ್ಕದಲ್ಲೇ ಇದ್ದ ಟ್ಯಾಕ್ಸಿವೇಯನ್ನು (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ) ಸಜ್ಜುಗೊಳಿಸಿದ್ದು. ಮುಖ್ಯ ರನ್‌ವೇ ದುರಸ್ತಿಗೆ ಮುಚ್ಚಿದರೆ ನಿಲ್ದಾಣ ನಿಲ್ಲದಂತೆ ನೋಡಿಕೊಳ್ಳುವುದು ಇದರ ಮುಖ್ಯ ಉಪಯೋಗ. ಇದನ್ನು ಸಾಮರ್ಥ್ಯ ಇಮ್ಮಡಿಯಾದಂತೆ ಎಣಿಸುವುದು ತಪ್ಪು. ಎರಡು ರನ್‌ವೇಗಳಲ್ಲಿ ಒಂದಕ್ಕೊಂದು ಕಾಯದೆ ವಿಮಾನಗಳು ಇಳಿಯಬೇಕಾದರೆ ಅವುಗಳ ಮಧ್ಯರೇಖೆಗಳ ನಡುವೆ ಕನಿಷ್ಠ 1,035 ಮೀಟರ್ ಇರಬೇಕೆಂಬುದು ಅಂತಾರಾಷ್ಟ್ರೀಯ ಮಾನದಂಡ. ಇಲ್ಲಿ ಅಷ್ಟು ಅಂತರವಿಲ್ಲ.

ಬೆಂಗಳೂರಿನ ದಾರಿ ಬೇರೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರಿನಲ್ಲಿ ತೆರೆದ 4,000 ಮೀಟರಿನ ದಕ್ಷಿಣ ರನ್‌ವೇ ಮೊದಲಿನದರಿಂದ ಸಾಕಷ್ಟು ದೂರದಲ್ಲಿರುವುದರಿಂದ ಎರಡೂ ಏಕಕಾಲಕ್ಕೆ ದುಡಿಯುತ್ತವೆ. ಹೈದರಾಬಾದಿನಲ್ಲಿ ಟರ್ಮಿನಲ್ ವರ್ಷಕ್ಕೆ 1.2 ಕೋಟಿ ಪ್ರಯಾಣಿಕರಿಂದ 3.4 ಕೋಟಿಯ ಸಾಮರ್ಥ್ಯಕ್ಕೆ ಹಿಗ್ಗಿದೆ. 2023–24ರಲ್ಲೇ ಸುಮಾರು 2.5 ಕೋಟಿ ಜನ ಹಾದುಹೋದರು. ದೂರದಲ್ಲಿರುವ, ಸ್ವತಂತ್ರವಾಗಿ ದುಡಿಯುವ ಮತ್ತೊಂದು ರನ್‌ವೇ ಬರದೆ ಟರ್ಮಿನಲ್ ಎಷ್ಟು ಹಿಗ್ಗಿದರೂ ಆಕಾಶದ ಸರದಿ ಕರಗದು.