ದಾಳಿಂಬದ ಟ್ರಂಕು: ಗಡಿಯ ಮನೆಯೊಂದರ ಓದಿನ ಚರಿತ್ರೆ

ಕಾಸರಗೋಡಿಗೆ ಉದ್ಯೋಗನಿಮಿತ್ತ ಬಂದ ಹೊಸತರಲ್ಲಿ ಇಲ್ಲಿಯ ಹಿರಿಯರೊಬ್ಬರು, "ನೀವು ಮಹಾರಾಷ್ಟ್ರದವರು, ಕನ್ನಡವನ್ನು ಯಾವ ಶಾಲೆಯಲ್ಲಿ ಕಲಿತಿರಿ?" ಎಂದು ಕೇಳಿದ್ದರು. ಶಾಲೆಯಲ್ಲಲ್ಲ, ಒಂದು ತಗಡಿನ ಟ್ರಂಕಿನಿಂದ ಕಲಿತೆ ಎಂದೆ. ಅವರು ನಕ್ಕರು. ವಿನೋದಕ್ಕೆ ಆಡಿದ ಮಾತಾಗಿರಲಿಲ್ಲ ಅದು. ಆ ಟ್ರಂಕಿನಲ್ಲಿದ್ದ ಕಾದಂಬರಿ, ಜೀವನಚರಿತ್ರೆ, ನಡೆದ ಕತೆಗಳ ಮೂಲಕವೇ ನಮ್ಮ ಕಡೆಯ ಕನ್ನಡ ಓದಿನ ಚರಿತ್ರೆಯನ್ನು ಹೇಳಬಹುದೆಂದು ಈಗ ಅನಿಸುತ್ತದೆ.

ನಮ್ಮೂರು ದಾಳಿಂಬ, ಉಮರ್ಗಾ ತಾಲೂಕು. ಪೂರ್ವಕ್ಕೆ ಬಸವಕಲ್ಯಾಣ, ದಕ್ಷಿಣಕ್ಕೆ ಆಳಂದ, ಉತ್ತರಕ್ಕೆ ನಿಲಂಗಾ, ಅದರಾಚೆ ಉದಗೀರ. 1948ರ ಸೆಪ್ಟೆಂಬರಿನವರೆಗೆ ಇವೆಲ್ಲ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ನಿಲಂಗಾ, ಉದಗೀರಗಳು ಆಗ ಬೀದರ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ ಮೈಸೂರಿಗೆ ಬಂತು. ನಿಲಂಗಾ, ಉದಗೀರ, ಅಹಮದಪುರಗಳು ಬೀದರವನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಹೋದವು. ನಮ್ಮ ಉಸ್ಮಾನಾಬಾದ ಜಿಲ್ಲೆಯೂ ಹಾಗೆಯೇ ಹೋಯಿತು. ಅದೇ ದಿನ, ಅದೇ ಕಾಯಿದೆಯ ಮೇರೆಗೆ, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತೆಂಬುದನ್ನು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾದುದಿಲ್ಲ. ಯಾವ ಊರು ಯಾವ ನಕ್ಷೆಯಲ್ಲಿರಬೇಕೆಂಬ ವಾದ ಈ ಲೇಖನದ ವಿಷಯವಲ್ಲ. ಮನೆಯಲ್ಲಿ ಆಡುವ ನುಡಿ ಓದುವ ನುಡಿಯಾಗಿಯೂ ಉಳಿಯುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಮನೆಯಲ್ಲಿ ಮೂರು ತಲೆಮಾರಿಗೆ ಮೂರು ಲಿಪಿಗಳಾಗಿದ್ದವು. ಅಜ್ಜ ಕಲಿತದ್ದು ಉರ್ದು. ನಿಜಾಮರ ಕಾಲದಲ್ಲಿ ಮೇಲಿನ ಓದೂ ಕಚೇರಿಯ ಕಾಗದವೂ ಉರ್ದುವಿನಲ್ಲೇ ಇದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಅಪ್ಪ ಆಳಂದದಲ್ಲಿ ಸೋದರಮಾವನ ಮನೆಯಲ್ಲಿದ್ದು ನಾಲ್ಕು ವರ್ಷ ಕನ್ನಡ ಕಲಿತಿದ್ದರು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಆಯಿಗೆ, ಅಂದರೆ ನನ್ನ ಅಜ್ಜಿಗೆ, ಯಾವ ಲಿಪಿಯೂ ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಓದು ನಡೆಯುತ್ತಿದ್ದುದೇ ಅವಳ ಒತ್ತಾಯದಿಂದ.

ಟ್ರಂಕಿನ ತಳದಲ್ಲಿದ್ದುದು ಗಳಗನಾಥರ ಕಾದಂಬರಿಗಳು, ಮುಖಪುಟ ಕಳಚಿಹೋದವು. ವೆಂಕಟೇಶ ತಿರಕೋ ಕುಲಕರ್ಣಿ ಗಳಗನಾಥರು (1869-1942) ಹಾವೇರಿಯ ಕಡೆಯವರು. ವೃತ್ತಿಯಿಂದ ಶಿಕ್ಷಕರು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತು 'ಮಾಧವ ಕರುಣಾವಿಲಾಸ'ವನ್ನು ತಾವೇ ರಚಿಸಿದರು. ಬರೆದು ಅಚ್ಚು ಹಾಕಿಸಿದ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಓದುಗರನ್ನು ಕಾಲ್ನಡಿಗೆಯಿಂದ ಸಂಪಾದಿಸಿದವರು ಅವರು. ನಮ್ಮಂಥ ಊರುಗಳಿಗೆ ಅವರಲ್ಲಿ ಇನ್ನೊಂದು ಸೊಗಸಿತ್ತು. ಮರಾಠಿ ಓದಿದ ನೆರೆಯವರಿಗೆ ಆಪಟೆಯವರ ಕತೆ ಗೊತ್ತು, ನಮಗೆ ಗಳಗನಾಥರ ಕತೆ ಗೊತ್ತು. ಕಟ್ಟೆಯ ಮೇಲೆ ಕೂತವರು ಒಂದೇ ಕತೆಯನ್ನು ಎರಡು ನುಡಿಗಳಲ್ಲಿ ಮುಂದುವರಿಸುತ್ತಿದ್ದರು. ಕರಾವಳಿಯವರಿಗೂ ಇಂಥ ಅನುಭವ ಹೊಸದಲ್ಲ. ಚಂದು ಮೇನೋನರ 'ಇಂದುಲೇಖಾ' 1889ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ. ಹೆಣ್ಣಿನ ವಿದ್ಯೆ, ವಿವಾಹಗಳ ಪ್ರಶ್ನೆಯನ್ನು ಈ ತೀರದ ಎರಡು ನುಡಿಗಳು ಹತ್ತು ವರ್ಷಗಳ ಅಂತರದಲ್ಲಿ ಕೈಗೆತ್ತಿಕೊಂಡವು.

ಅದರ ಮೇಲಿನ ಪದರ ಧಾರವಾಡದ ಮನೋಹರ ಗ್ರಂಥಮಾಲೆಯದು. ಜಿ. ಬಿ. ಜೋಶಿಯವರು 1933ರಲ್ಲಿ ಅದನ್ನು ಆರಂಭಿಸಿದರು. ಚಂದಾ ಕೊಟ್ಟವರಿಗೆ ವರ್ಷಕ್ಕಿಷ್ಟು ಪುಸ್ತಕಗಳೆಂದು ಅಂಚೆಯಲ್ಲಿ ಕಳಿಸುವ ಏರ್ಪಾಡು. ಓದುಗನು ಪುಸ್ತಕವನ್ನು ಆರಿಸುವ ಬದಲು ಆರಿಸುವವರನ್ನು ನಂಬುವ ಕ್ರಮ ಇದು. ಪುಸ್ತಕದಂಗಡಿಯಿಲ್ಲದ ಊರಿಗೆ ಇದಕ್ಕಿಂತ ಒಳ್ಳೆಯ ದಾರಿಯಿರಲಿಲ್ಲ. ಅಪ್ಪ ಎರಡು ವರ್ಷ ಚಂದಾದಾರರಾಗಿದ್ದು, ಕೈ ನಡೆಯದೆ ಬಿಟ್ಟರು.

ಎಲ್ಲಕ್ಕೂ ಮೇಲಿದ್ದುದು, ಎಲ್ಲಕ್ಕಿಂತ ಹೆಚ್ಚು ಸವೆದಿದ್ದುದು 'ಕಸ್ತೂರಿ'. ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟಿನ ಈ ಮಾಸಿಕ ಹೊರಟದ್ದೂ 1956ರಲ್ಲಿಯೇ. ಅಪ್ಪ ಅಡತಿ ಅಂಗಡಿಯ ಗುಮಾಸ್ತರಾಗಿದ್ದರು. ತೊಗರಿಯ ಲೆಕ್ಕಕ್ಕೆ ಕಲಬುರ್ಗಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಂಚಿಕೆ ಕೊಂಡು ಬರುತ್ತಿದ್ದರು. ಹೊಸದು ಸಿಗದಿದ್ದರೆ ಹಳೆಯದು. ಅಮೆರಿಕದಲ್ಲಿ ವಾಲೇಸ್ ದಂಪತಿಗಳು 1922ರಲ್ಲಿ ಆರಂಭಿಸಿದ 'ರೀಡರ್ಸ್ ಡೈಜೆಸ್ಟ್' 1950ರಿಂದ ಕಾದಂಬರಿ, ಜೀವನಚರಿತ್ರೆ, ಸತ್ಯಕಥೆಗಳನ್ನು ಸಂಗ್ರಹಿಸಿ ಒಂದೇ ಸಂಪುಟದಲ್ಲಿ ಕೊಡತೊಡಗಿತ್ತು. ಅಂಥ ಡೈಜೆಸ್ಟಿನ ಮಾದರಿಯನ್ನು ಕನ್ನಡದ ಹದಕ್ಕೆ ತಂದ ಪತ್ರಿಕೆ 'ಕಸ್ತೂರಿ'. ಅದರ ಕೊನೆಯ 'ಪುಸ್ತಕ ವಿಭಾಗ'ದಲ್ಲಿ ಒಂದಿಡೀ ಪುಸ್ತಕದ ಸಂಗ್ರಹ ಇರುತ್ತಿತ್ತು. ಒಂದು ತಿಂಗಳು ಸಮುದ್ರಯಾನ, ಇನ್ನೊಂದು ತಿಂಗಳು ವಿಜ್ಞಾನಿಯೊಬ್ಬನ ಬಾಳು, ಮತ್ತೊಂದು ತಿಂಗಳು ಸೆರೆಮನೆಯಿಂದ ಪಾರಾದವನ ಕತೆ.

ರಾತ್ರಿ ಕಂದೀಲಿನ ಮುಂದೆ ಅಪ್ಪ ಓದುವರು, ನಾವು ಕೇಳುವೆವು. ಅಪ್ಪ ಊರಲ್ಲಿಲ್ಲದಿದ್ದ ಒಂದು ರಾತ್ರಿ ಆಯಿ ಆ ಸಂಚಿಕೆಯನ್ನು ನನ್ನ ಮುಂದೆ ಇಟ್ಟಳು.

"ತಮ್ಮಾ, ಆ ಹಡಗಿನವ ದಂಡಿಗಿ ಬಂದನೋ ಇಲ್ಲೋ, ನೋಡಿ ಹೇಳು."

"ನನಗ ಕನ್ನಡ ಓದಾಕ ಬರಾಂಗಿಲ್ಲ ಆಯಿ."

"ಮರಾಠಿ ಬರ್ತದಲ್ಲ? ಇದೂ ಅಕ್ಷರಾನೇ. ನಾಳೆ ನಿಮ್ಮಪ್ಪ ಬಂದ ಕೂಡಲೇ ಕಲಿ. ಅಲ್ಲೀತನಕ ಅಂವ ನೀರಾಗ ಇರಲಿ."

ಅಪ್ಪ ಬಂದದ್ದು ಮೂರು ದಿನಗಳ ನಂತರ. ಅಂದೇ ಹಾಸುಗಲ್ಲಿನ ಮೇಲೆ ಸುಣ್ಣದಕಡ್ಡಿಯಿಂದ ನನ್ನ ಕನ್ನಡ ಆರಂಭವಾಯಿತು. ಆಗ ನನಗೆ ಒಂಬತ್ತು ವರ್ಷ. ತಂಗಿ ಕಲಿತದ್ದು ಮುಂದೆ ಬಂದ 'ಭಾರತ-ಭಾರತಿ' ಪುಸ್ತಕಗಳಿಂದ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಸಾಹಿತ್ಯವು 1970ರ ದಶಕದಲ್ಲಿ ಹೊರತಂದ ಆ ಮಾಲೆಯಲ್ಲಿ 510 ಪುಟ್ಟ ಜೀವನಚರಿತ್ರೆಗಳಿದ್ದವು. ಒಂದನ್ನು ಒಂದು ಕೂಟಿಗೆ ಓದಿ ಮುಗಿಸಬಹುದಿತ್ತು. ಮುಗಿಸಿದೆನೆಂಬ ಹಿಗ್ಗು ಹೊಸ ಲಿಪಿ ಕಲಿಯುವ ಮಗುವಿಗೆ ಸಣ್ಣದಲ್ಲ.

ಸಂಗ್ರಹ ಪುಸ್ತಕಗಳನ್ನು ವಿದ್ವಾಂಸರು ಹಗುರಾಗಿ ಕಾಣುವುದುಂಟು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಸಂಗ್ರಹದಲ್ಲಿ ಕತೆ ಉಳಿಯುತ್ತದೆ, ಬರೆದವನ ದನಿ ಹೋಗುತ್ತದೆ. ಕಾರಂತರ ಕಾದಂಬರಿಯಿಂದ ಅಲ್ಲಿಯ ಮಳೆಯನ್ನೂ ಕಡಲನ್ನೂ ತೆಗೆದರೆ ಉಳಿಯುವುದು ಎಷ್ಟು? ಆದರೆ ಹರಿಕಥೆಯ ದಾಸರು ಮಹಾಭಾರತದಿಂದ ಒಂದು ರಾತ್ರಿಗೆ ಸಾಲುವಷ್ಟನ್ನೇ ಆಯ್ದು ಹೇಳುತ್ತಿದ್ದರು. ಕೇಳಿದವರಲ್ಲಿ ಕೆಲವರು ಮೂಲವನ್ನು ಹುಡುಕಿ ಹೋದರು. ಹೋಗದವರೂ ಬರಿಗೈಯಲ್ಲಿ ಮನೆಗೆ ಮರಳಲಿಲ್ಲ. ಇನ್ನೊಂದು ಮಾತು: ಕನ್ನಡ ಶಾಲೆಯಿರುವ ಊರಿನಲ್ಲಿ ಸಂಗ್ರಹವು ಮೂಲಕ್ಕೆ ಎದುರಾಳಿಯಾಗಬಹುದು. ನಮ್ಮೂರಿನಲ್ಲಿ ಅದಕ್ಕೆ ಎದುರಾಗಿದ್ದುದು ಏನೂ ಇಲ್ಲದಿರುವಿಕೆ. ಆಯಿಗೆ ಸತ್ಯಕಥೆ, ಅಪ್ಪನಿಗೆ ಜೀವನಚರಿತ್ರೆ, ಅವ್ವನಿಗೆ ಕಾದಂಬರಿ. ಒಂದೇ ಕಟ್ಟಿನಲ್ಲಿ ಎಲ್ಲವೂ ಬಂದುದರಿಂದಲೇ ಇಡೀ ಮನೆ ಕನ್ನಡದ ಸುತ್ತ ಕೂರುತ್ತಿತ್ತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ಕಿಲ್ಲಾರಿಯ ಭೂಕಂಪವಾಯಿತು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ನಮ್ಮ ಮನೆಯಲ್ಲಿ ಬಿದ್ದದ್ದು ಹಿಂಬದಿಯ ಗೋಡೆಯೊಂದೇ, ಜೀವಕ್ಕೆ ಅಪಾಯವಾಗಲಿಲ್ಲ. ನಾನು ಕಾಸರಗೋಡಿನಿಂದ ಊರು ಮುಟ್ಟುವುದರೊಳಗೆ ಆ ಗೋಡೆಯಡಿಯ ಟ್ರಂಕನ್ನು ಅಪ್ಪ ಹೊರಗೆ ಎಳೆಸಿದ್ದರು. ಮುಚ್ಚಳ ನಜ್ಜುಗುಜ್ಜಾಗಿತ್ತು. ನೆರೆಯ ಹುಡುಗರು ಪುಸ್ತಕಗಳನ್ನು ಬಿಸಿಲಿಗೆ ಹರಡಿದ್ದರು. ಮನೆಮಾತು ಕನ್ನಡವಾಗಿದ್ದ ಆ ಹುಡುಗರಲ್ಲಿ ಒಬ್ಬನಿಗೂ ಅವುಗಳ ಹೆಸರು ಓದಲು ಬರಲಿಲ್ಲ. ಗೋಡೆ ಬಿದ್ದುದಕ್ಕಿಂತ ಅದು ನನ್ನನ್ನು ಹೆಚ್ಚು ಬಾಧಿಸಿತು. ಸುತ್ತಲೂ ಅಷ್ಟು ಸಾವುಗಳಿರುವಾಗ ಹಾಗೆ ಅನಿಸಿತಲ್ಲ ಎಂದು ನಾಚಿಕೆಯೂ ಆಯಿತು.

ಕಾಸರಗೋಡಿಗೆ ಮರಳಿದ ಮೇಲೆ ಆ ಪುಸ್ತಕಗಳ ಬಗ್ಗೆ ವಿಚಾರಿಸತೊಡಗಿದೆ. 'ಕಸ್ತೂರಿ'ಯನ್ನು ಬಹುಕಾಲ ನಡೆಸಿ ಅದಕ್ಕೆ ರೂಪ ಕೊಟ್ಟ ಪಾವೆಂ. ಆಚಾರ್ಯರು ಉಡುಪಿಯವರೆಂದು ತಿಳಿದದ್ದು ಆಗಲೇ. ನಿಜಾಮರ ಕಾಲದಲ್ಲಿ, 1934ರಲ್ಲಿ, ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೂ ಈ ಕರಾವಳಿಯ ಪಂಜೆ ಮಂಗೇಶರಾಯರು. ಅಂದರೆ ನಮ್ಮ ಕಂದೀಲಿಗೆ ಎಣ್ಣೆ ಈ ಕಡೆಯಿಂದಲೂ ಬಂದಿತ್ತು.

ಕೇರಳದಲ್ಲಿ ಇನ್ನೊಂದನ್ನು ಕಂಡೆ. ಪಿ. ಎನ್. ಪಣಿಕ್ಕರರು 1945ರಲ್ಲಿ ಆರಂಭಿಸಿದ ಗ್ರಂಥಶಾಲಾ ಸಂಘದ ಫಲವಾಗಿ ಇಲ್ಲಿ ವಾಚನಾಲಯವು ಊರಿನ ಸೊತ್ತು. ಸಂಜೆ ಬೀಡಿ ಕಟ್ಟುವವರೂ ಶಿಕ್ಷಕರೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಿದ್ದರು. ಮಹಾರಾಷ್ಟ್ರದಲ್ಲಿಯೂ 1967ರಿಂದ ಗ್ರಂಥಾಲಯ ಕಾಯಿದೆ ಇದೆ. ಆದರೆ ಗಡಿಯ ಊರಿನ ಕಪಾಟಿನಲ್ಲಿ ಎರಡನೆಯ ನುಡಿಗೆ ಒಂದು ಹಲಗೆ ಇಡಬೇಕೆಂದು ಊರವರೇ ಕೇಳಬೇಕು.

ಅಂಥ ಒಂದು ಹಲಗೆಗೆ ಆಯ್ಕೆ ಮಾಡೆಂದರೆ ಎರಡು ಜೀವನಚರಿತ್ರೆಗಳನ್ನು ಮೊದಲು ಇಡುವೆ. ಒಂದು ಸ್ವಾಮಿ ರಾಮಾನಂದ ತೀರ್ಥರದು. 1903ರಲ್ಲಿ ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ, ನಮ್ಮ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಶಿಕ್ಷಕರಾಗಿ, ಹೈದರಾಬಾದಿನ ವಿಮೋಚನಾ ಹೋರಾಟದ ನಾಯಕರಾದವರು. ಲೋಕಸಭೆಗೆ 1952ರಲ್ಲಿ ಕಲಬುರ್ಗಿಯಿಂದ, 1957ರಲ್ಲಿ ಔರಂಗಾಬಾದಿನಿಂದ ಆಯ್ಕೆಯಾದರು. ಎರಡು ನುಡಿಯ ಜನವೂ ತಮ್ಮವರೆಂದು ಕಳಿಸಿದ ವ್ಯಕ್ತಿ. ಇನ್ನೊಂದು ಜಯದೇವಿತಾಯಿ ಲಿಗಾಡೆಯವರದು (1912-1986). ಸೊಲ್ಲಾಪುರದಲ್ಲಿ ಮರಾಠಿ ಕಲಿತು ಬೆಳೆದು, ಕನ್ನಡವನ್ನು ಸ್ವಂತ ಪ್ರಯತ್ನದಿಂದ ಸಾಧಿಸಿ, ಸಿದ್ಧರಾಮನ ಪುರಾಣ ಬರೆದರು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ವಚನಗಳನ್ನು ಮರಾಠಿಗೂ ಕೊಟ್ಟರು. ಶಾಲೆಯಲ್ಲಿ ಸಿಗದ ನುಡಿಯನ್ನು ಮನೆಯಲ್ಲಿ ಕಲಿಯಬಹುದೆಂಬುದಕ್ಕೆ ಅವರ ಬಾಳಿಗಿಂತ ದೊಡ್ಡ ಸತ್ಯಕಥೆ ನಮ್ಮ ಕಡೆಗೆ ಬೇಕಿಲ್ಲ.

ಟ್ರಂಕು ಈಗ ಕಾಸರಗೋಡಿನ ನನ್ನ ಮನೆಯಲ್ಲಿದೆ, ಮುಚ್ಚಳವಿಲ್ಲದೆ. ಹಡಗಿನವನ ಕತೆಯ ಸಂಚಿಕೆಯೂ ಅದರಲ್ಲಿದೆ. ಮೊನ್ನೆ ರಜೆಗೆ ಬಂದ ತಂಗಿಯ ಮೊಮ್ಮಗಳು ಅದನ್ನು ತೆಗೆದು, ಚಿತ್ರ ನೋಡಿ, "ಅಜ್ಜಾ, ಇವ ಬದುಕಿದನಾ?" ಎಂದು ಕೇಳಿದಳು. ನಾನು ಹೇಳಲಿಲ್ಲ. ಸುಣ್ಣದಕಡ್ಡಿ ತರಲು ಎದ್ದೆ.