ಬಾಯ್ಲರ್ ಕಾರ್ಖಾನೆ, ಕಾಡುಗೆಣಸು ಮತ್ತು ನಮ್ಮ ಚಿಕ್ಕಮ್ಮ

ಯುಗಾದಿಗೆ ಅಂತ ದಾವಣಗೆರೆಗೆ ಹೋದವಳು ಹರಿಹರದ ಚಿಕ್ಕಮ್ಮನ ಮನೆಗೂ ಹೋಗಿ ಬಂದೆ. ಊಟ ಮುಗಿಸಿ ಗಂಡಸರೆಲ್ಲ ಹೊರಗೆ ಹೋಗೋದನ್ನೇ ಕಾಯ್ತಿದ್ದ ಚಿಕ್ಕಮ್ಮ, ಬೀರುವಿನಲ್ಲಿ ಸೀರೆಗಳ ಅಡಿಯಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. "ಇಂಜಿನಿಯರ್ ಓದೀಯಲ್ಲ, ಇದ್ರಾಗೆ ಏನ್ ಬರ್ದಾರೆ ನೋಡವ್ವ." ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು. ಕೋಡ್ ಓದೋಳಿಗೆ ಇದು ಹೇಗೆ ಗೊತ್ತಾಗುತ್ತೆ ಹೇಳಿ! :)

ನಾಲ್ಕು ತಿಂಗಳಿಂದ ಮುಟ್ಟಿಗೆ ಲೆಕ್ಕವೇ ಇರಲಿಲ್ಲವಂತೆ, ಒಮ್ಮೆ ಶುರುವಾದರೆ ಹದಿನೈದು ದಿನ. ಡಾಕ್ಟರು ಪ್ರೈಮೊಲಟ್-ಎನ್ ಬರೆದುಕೊಟ್ಟರು, ನಿಂತಿತು. ಮಾತ್ರೆ ಮುಗಿದ ಮೂರನೇ ದಿನ ಮತ್ತೆ ಶುರು. "ಮಾತ್ರೆ ಹತ್ತಲಿಲ್ಲ" ಅಂದುಕೊಂಡು ಇನ್ನೊಂದು ಕಡೆ ತೋರಿಸಿದರೆ, "ಎರಡು ಮಕ್ಕಳಾಗಿದಾವೆ, ಇನ್ನು ಗರ್ಭಚೀಲ ಇಟ್ಕೊಂಡು ಏನು ಮಾಡ್ತೀರಿ, ತೆಗೆಸಿಬಿಡಿ" ಅಂದರಂತೆ. ಚಿಕ್ಕಮ್ಮನಿಗೆ 42 ವರ್ಷ.

ಬೆಂಗಳೂರಿಗೆ ವಾಪಸ್ ಬಂದಮೇಲೂ ಆ ಕವರು ತಲೆಯಿಂದ ಹೋಗಲಿಲ್ಲ. ಅದರಲ್ಲಿದ್ದ ಎರಡು ವಸ್ತುಗಳ, ಅಂದರೆ ಸ್ಕ್ಯಾನಿಂಗ್ ಮತ್ತು ಮಾತ್ರೆಯ, ಜಾತಕ ಹುಡುಕುತ್ತಾ ಕೂತೆ.

ಸ್ಕ್ಯಾನಿಂಗಿನ ಮೂಲ ಕಾರ್ಖಾನೆಯಲ್ಲಿದೆ. ಶಬ್ದದ ಅಲೆ ಬಿಟ್ಟು ಲೋಹದೊಳಗಿನ ಬಿರುಕು ಹುಡುಕೋ ಯಂತ್ರ ಅದು. 1955ರಲ್ಲಿ ಗ್ಲಾಸ್ಗೋದ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್, ಆಪರೇಷನ್ನಿನಲ್ಲಿ ತೆಗೆದ ಫೈಬ್ರಾಯ್ಡ್ ಗಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಕಾರಿಗೆ ತುಂಬಿಕೊಂಡು ಬಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಅನ್ನೋ ಬಾಯ್ಲರ್ ಕಂಪನಿಗೆ ಹೋದರು. ಹೋಲಿಸಿ ನೋಡೋಕೆ ಕಂಪನಿಯವರು ಒಂದು ದೊಡ್ಡ ಮಾಂಸದ ತುಂಡನ್ನೂ ತರಿಸಿಟ್ಟಿದ್ದರಂತೆ! ಗಟ್ಟಿ ಗಡ್ಡೆಯ ಪ್ರತಿಧ್ವನಿ ಬೇರೆ, ನೀರು ತುಂಬಿದ್ದರ ಪ್ರತಿಧ್ವನಿ ಬೇರೆ ಅಂತ ಅಲ್ಲೇ ಕಣ್ಣಿಗೆ ಕಂಡಿತು. ಆಮೇಲೆ ಟಾಮ್ ಬ್ರೌನ್ ಅನ್ನೋ ಇಂಜಿನಿಯರ್ ಸೇರಿಕೊಂಡ. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ನನಗೆ ಹಿಡಿಸಿದ್ದು ಆ ಕಾಲದ ಒಂದು ಪ್ರಕರಣ. ಕ್ಯಾನ್ಸರ್, ಇನ್ನು ಆಸೆಯಿಲ್ಲ ಅಂತ ಬೇರೆ ವೈದ್ಯರು ಕೈಬಿಟ್ಟಿದ್ದ ಹೆಂಗಸಿನ ಹೊಟ್ಟೆಯಲ್ಲಿ ಇದ್ದದ್ದು ಬರೀ ಗುಳ್ಳೆ ಅಂತ ಈ ಯಂತ್ರ ತೋರಿಸಿತು. ತೆಗೆದರು, ಆಕೆ ಬದುಕಿದಳು. ಹರಿಹರ 1941ರಿಂದ ಲೇತ್ ಮಾಡಿದ ಊರು. ಮೈಸೂರು ಕಿರ್ಲೋಸ್ಕರಿನಲ್ಲಿ ದುಡಿದ ನಮ್ಮ ತಾತ ಇದ್ದಿದ್ದರೆ ಈ ಕತೆ ಕೇಳಿ ಮೀಸೆ ತಿರುವುತ್ತಿದ್ದರು.

ಇನ್ನು ಮಾತ್ರೆ. ಅದರ ಹೆಸರು ನೊರೆಥಿಸ್ಟೆರೋನ್. ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುತ್ತಿದ್ದ ಸಿಂಟೆಕ್ಸ್ ಕಂಪನಿಯಲ್ಲಿ, 1951ರ ಅಕ್ಟೋಬರ್ 15ರಂದು, ಕಾರ್ಲ್ ಜೆರಾಸಿಯ ಕೈಕೆಳಗಿದ್ದ 26 ವರ್ಷದ ಲೂಯಿಸ್ ಮಿರಾಮೊಂಟೆಸ್ ಅದನ್ನು ತಯಾರಿಸಿದ. (ನನಗಿಂತ ಚಿಕ್ಕವನು. ನಾನಿನ್ನೂ ಬಗ್ ಫಿಕ್ಸ್ ಮಾಡ್ತಾ ಕೂತಿದೀನಿ...) ಗರ್ಭನಿರೋಧಕ ಅಂತ ಹೆಸರಾಗಿದ್ದು ಆಮೇಲೆ. 1957ರಲ್ಲಿ ಅಮೆರಿಕಾದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗೇ. ಅಂದರೆ ಚಿಕ್ಕಮ್ಮನ ಕಾಯಿಲೆಯೇ ಅದರ ಹುಟ್ಟುಗೆಲಸ! ನಮ್ಮ ಕಡೆ ಅದರ ಖ್ಯಾತಿ ಬೇರೆ ಬಿಡಿ. ದುಗ್ಗಮ್ಮನ ಜಾತ್ರೆ, ಮದುವೆ, ಸತ್ಯನಾರಾಯಣ ಪೂಜೆ ಬಂತೆಂದರೆ "ಮುಂದೆ ಹೋಗೋ ಮಾತ್ರೆ" ಅಂತ ಮೆಡಿಕಲ್ ಶಾಪಿನಿಂದ ತರಿಸೋದು.

ಅದು ಕೆಲಸ ಮಾಡೋದು ಹೀಗೆ. ಅಂಡ ಬಿಡುಗಡೆ ಆಗದ ತಿಂಗಳಲ್ಲಿ ಪ್ರೊಜೆಸ್ಟೆರೋನ್ ಬರೋದಿಲ್ಲ. ಈಸ್ಟ್ರೋಜೆನ್ ಒಂದೇ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಾ ಹೋಗುತ್ತೆ, ಅದು ಸಿಕ್ಕಸಿಕ್ಕಲ್ಲಿ ಕಳಚಿ ರಕ್ತ ಹರಿಯುತ್ತೆ. ಮಾತ್ರೆ ಆ ಪದರವನ್ನು ಹಿಡಿದು ನಿಲ್ಲಿಸುತ್ತೆ. ಬಿಟ್ಟ ಎರಡು-ಮೂರು ದಿನಕ್ಕೆ ಪದರ ಒಟ್ಟಿಗೇ ಕಳಚಿಕೊಳ್ಳುತ್ತೆ. ಚಿಕ್ಕಮ್ಮ "ಹತ್ತಲಿಲ್ಲ" ಅಂದುಕೊಂಡದ್ದು ಮಾತ್ರೆ ಹತ್ತಿದ್ದಕ್ಕೆ ಸಾಕ್ಷಿ! ಆ ಒಂದು ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ರಿಪೋರ್ಟಿನಲ್ಲಿ ಹೆದರಿಸಿದ್ದು 'ಒಳಪದರ 14 ಮಿ.ಮೀ.' ಅನ್ನೋ ಸಾಲು. ಮುಟ್ಟು ನಿಂತ ಹೊಸದರಲ್ಲಿ 4 ಮಿ.ಮೀ. ಆಸುಪಾಸು ಇರೋ ಪದರ ಮುಂದಿನ ಮುಟ್ಟಿನ ಹೊತ್ತಿಗೆ 16ರವರೆಗೂ ಬೆಳೆಯೋದು ಸಹಜ. ಸ್ಕ್ಯಾನ್ ಮಾಡಿದ್ದು ಎಷ್ಟನೇ ದಿನ ಅಂತ ತಿಳಿಯದೆ ಆ ಅಂಕಿಗೆ ಅರ್ಥವೇ ಇಲ್ಲ. ಕೊನೆಯ ಮುಟ್ಟಿನ ದಿನಾಂಕದ ಜಾಗ ಖಾಲಿ ಇತ್ತು.

1965ರಿಂದಲೇ ಮೆಡಿಕಲ್ ಕಾಲೇಜು ಇರೋ ದಾವಣಗೆರೆ ಪಕ್ಕದಲ್ಲೇ ಈ ಕತೆ. ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ, ಮುಂದೆ ರಾಣೆಬೆನ್ನೂರು. ಬೇಕಿಲ್ಲದೆ ಗರ್ಭಕೋಶ ತೆಗೆಸಿದರು ಅಂತ ಆ ತಾಲ್ಲೂಕಿನ ನೂರಾರು ಹೆಂಗಸರು, ತುಂಬಾ ಜನ ಲಂಬಾಣಿ ತಾಂಡಾದವರು, ಪರಿಹಾರ ಕೇಳಿ ಬೀದಿಗಿಳಿದಿದ್ದರು. ಕಲಬುರಗಿಯಲ್ಲೂ 2015ರಲ್ಲಿ ಇದೇ ದೂರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಆಪರೇಷನ್ನುಗಳ ಮೇಲೆ ನಿಗಾ ಇಡೋ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ತೆಗೆಯಲೇಬೇಕಾದ ಗರ್ಭಕೋಶಗಳೂ ಇರ್ತವೆ, ಇಲ್ಲ ಅನ್ನಲ್ಲ. ಆದರೆ ಮಾತ್ರೆ, ಹಾರ್ಮೋನಿನ ಕಾಪರ್-ಟಿಯಂಥ ಸಾಧನ, ಲಖನೌದ ಸಿಡಿಆರ್‌ಐ ಕಂಡುಹಿಡಿದ, 1991ರಲ್ಲಿ 'ಸಹೇಲಿ'ಯಾಗಿ ಬಂದ ಒರ್ಮೆಲಾಕ್ಸಿಫೀನ್... ಇಷ್ಟೆಲ್ಲ ದಾಟಿ ಸೀದಾ ಕತ್ತರಿಗೇ ಹೋಗೋ ಅವಸರ ಯಾರಿಗೆ?

ಫೋನ್ ಮಾಡಿ ಚಿಕ್ಕಮ್ಮನನ್ನು ಮೊದಲಿನ ಡಾಕ್ಟರ ಹತ್ತಿರವೇ ಕಳಿಸಿದೆ. ನಲವತ್ತು ದಾಟಿದವರಿಗೆ ಮಾಡಿಸಬೇಕಂತೆ, ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಏನೂ ಇರಲಿಲ್ಲ. ಮತ್ತೆ ಮಾತ್ರೆ ಶುರು, ಮೂರು ತಿಂಗಳಿಗೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಸಣ್ಣ ಚುಕ್ಕಿ ಇಡ್ತಾಳಂತೆ, ಚಿಕ್ಕಪ್ಪನಿಗೆ ತಿಳಿಯದ ಹಾಗೆ. ಮೊನ್ನೆ ಅವಳೇ ಫೋನ್ ಮಾಡಿದ್ದಳು.

"ಮಾತ್ರೆ ಬಿಟ್ಟು ಮೂರ್ನೇ ದಿನಕ್ಕೆ ಬಂತವ್ವ, ಡಾಕ್ಟ್ರು ಹೇಳ್ದಂಗೆ. ಐದು ದಿನಕ್ಕೆ ನಿಂತೂ ಹೋತು."